ದೂರದ ಕಿಟಕಿಯ ಯಜಮಾನರು

ಪ್ರೀತಿಯ ಅತ್ತಿಗೆ,

ಇಲ್ಲಿನ ಹಳೇ ಬೀದಿಯಲ್ಲಿ ಕೂತು ಒಂದು ಮೂರಂತಸ್ತಿನ ಮನೆಯ ಜಲವರ್ಣ ಚಿತ್ರ ಬರೀತಿದ್ದೆ. ಮೇಲಿನ ಕಿಟಕಿಯಿಂದ ಅಜ್ಜಿಯೊಬ್ಬರು ಕೂಗಿದರು: "ನನ್ನನ್ನೂ ಬರಿಯಮ್ಮ! ನಮ್ಮ ಯಜಮಾನರನ್ನ ಮಾತ್ರ ಆ ಕೊನೇ ಕಿಟಕಿಗೆ ಹಾಕು. ನಾವು ಮಾತು ಬಿಟ್ಟಿದ್ದೀವಿ." ಹೇಳಿದ ಹಾಗೇ ಬರೆದೆ. ಸಂಜೆ ತಾತ ಇಳಿದು ಬಂದು ಚಿತ್ರ ನೋಡಿ, "ಇಷ್ಟು ದೂರಾನಾ?" ಅಂತ ಮುಖ ಸಪ್ಪಗೆ ಮಾಡಿಕೊಂಡರು. ಬಣ್ಣ ಒಣಗೋಕೂ ಬಿಡದೆ ಅದನ್ನು ಹೆಂಡತಿಗೆ ತೋರಿಸಲು ಎತ್ತಿಕೊಂಡು ಹೋದರು. ಇವತ್ತು ಬೆಳಿಗ್ಗೆ ನೋಡಿದರೆ ಇಬ್ಬರೂ ಒಂದೇ ಕಿಟಕಿಯಲ್ಲಿ ಒತ್ತಿಕೊಂಡು ನಿಂತು, "ಮತ್ತೆ ಬರಿ, ಬೇಗ! ಕಾಲು ನೋಯ್ತಿದೆ" ಅಂತ ನನ್ನನ್ನೇ ಗದರುತ್ತಿದ್ದಾರೆ!

ನನ್ನ ನೆಗಡಿ ವಾಸಿಯಾಯ್ತು, ಅಣ್ಣನಿಗೆ ಹೇಳಿಬಿಡಿ. ಕಾರ್ಡಿನಲ್ಲಿ ಜಾಗ ಇಲ್ಲ, ಕಿಟಕಿಯಲ್ಲಿರುವವರಿಗೆ ತಾಳ್ಮೆ ಇಲ್ಲ. ಹೊರಟೆ.

ನಿಮ್ಮ ನಾದಿನಿ