ಹಿಂಡಲಗಾದಲ್ಲಿ ಮಾಡಿದ ಸಹಿ

ಹಾನಗಲ್ಲ,
ತಾ. ೧೮ ಫೆಬ್ರುವರಿ ೧೯೪೬

ತಾಯಿಯ ಸ್ಥಾನದಲ್ಲಿ ನಿಂತು ನನ್ನನ್ನು ಸಾಕಿದ ಮಹಾದೇವಕ್ಕನಿಗೆ ತಮ್ಮ ಉಳವಪ್ಪ ಮಾಡುವ ಶರಣು ಶರಣಾರ್ಥಿ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಮೈಯಲ್ಲಿ ಕ್ಷೇಮವಾಗಿದ್ದೇನೆ. ಉಳಿದದ್ದನ್ನು ಕೆಳಗೆ ಬರೆಯುತ್ತೇನೆ. ಈ ಪತ್ರವನ್ನು ಮಗನ ಕೈಗೆ ಕೊಟ್ಟು ಓದಿಸಬೇಡ. ಅಪ್ಪ ನಿನಗೆ ಅಕ್ಷರ ಕಲಿಸಿದ್ದು ಇಂಥ ದಿನಕ್ಕೇ ಇರಬೇಕು. ಒಬ್ಬಳೇ ಕುಳಿತು ಓದು.

ಎಂಟು ದಿನದ ಹಿಂದೆ ನಿನ್ನ ಪತ್ರ ಬಂತು. "ಕಾಂಗ್ರೆಸ್ಸಿನವರು ಮನೀ ಬಾಗಲಿಗೆ ತಂದ ಟಿಕೀಟ ಯಾಕ ಒಲ್ಲೆ ಅಂದಿ? ಚೌಡಪ್ಪಗ ಅಂಜಿದೇನು?" ಎಂದು ಕೇಳಿದ್ದೀ. ಇಡೀ ಹಿರೇಕೆರೂರು ನಿನ್ನ ಮುಖ ನೋಡಿ ಇದನ್ನೇ ಕೇಳುತ್ತಿದೆ ಎಂದೂ ಬರೆದಿದ್ದೀ. ನನ್ನ ಬದಲು ಟಿಕೀಟು ಪಡೆದ ಚೌಡಪ್ಪ ಕಾಳಿನ ವ್ಯಾಪಾರಿ, ನಲವತ್ತೆರಡರ ಚಳವಳಿಯಲ್ಲಿ ಮನೆಯ ಹೊಸ್ತಿಲು ದಾಟದವನು. ಅವನಿಗೆ ನಾನೇಕೆ ಅಂಜಲಿ? ನಿನ್ನೆ ಸಂತೆಯ ದಿನ ನಡೆದದ್ದನ್ನು ಸಂತೆಗೆ ಬಂದವರು ನಿಮ್ಮ ಊರಿಗೆ ಮುಟ್ಟಿಸುವ ಮೊದಲು ಈ ಪತ್ರ ನಿನ್ನ ಕೈ ಸೇರಲಿ ಎಂದು ಬೆಳಗಾಗುತ್ತಲೇ ಬರೆಯಲು ಕುಳಿತಿದ್ದೇನೆ.

ಮೂವತ್ತೇಳರ ಚುನಾವಣೆ ನಿನಗೆ ನೆನಪಿದೆ. ನನಗಾಗ ಇಪ್ಪತ್ತೆಂಟು. ವಕೀಲಿ ಸನದು ಬಂದು ಮೂರು ವರ್ಷ ಆಗಿರಲಿಲ್ಲ. ನಿಮ್ಮ ಊರಿನಿಂದ ಶಿಗ್ಗಾಂವಿಯವರೆಗೆ ಚಕ್ಕಡಿಯಲ್ಲಿ ತಿರುಗಿ ಗಂಟಲು ಹರಿಯುವ ಹಾಗೆ ಭಾಷಣ ಮಾಡಿದೆ. ಗೆದ್ದು ಮುಂಬಯಿಗೆ ಹೋದಾಗ ನೀನು ಕಟ್ಟಿಕೊಟ್ಟ ಸಜ್ಜೆಯ ರೊಟ್ಟಿಯನ್ನು ಅಸೆಂಬ್ಲಿಯ ಹಿಂದಿನ ಮೆಟ್ಟಿಲ ಮೇಲೆ ಕುಳಿತು ತಿಂದಿದ್ದೆ. ಒಳಗೆ ನನ್ನ ಇಂಗ್ಲಿಷು ತಡವರಿಸುತ್ತಿತ್ತು. ಆದರೂ ಆಡೂರಿನ ಕೆರೆಯ ಒಡೆದ ತೂಬಿನ ಬಗ್ಗೆ ನಾಲ್ಕು ಸಲ ಎದ್ದು ನಿಂತು ಪ್ರಶ್ನೆ ಕೇಳಿದೆ. ಮೂವತ್ತೊಂಬತ್ತರ ಬೇಸಿಗೆಯಲ್ಲಿ ತೂಬು ದುರಸ್ತಿಯಾಯಿತು. ಅದರ ಬಾಗಿಲು ಮಾಡಿದವನು ಆ ಊರಿನ ಬಡಿಗ ಗಿರಿಯಪ್ಪ. ಅವನ ಪರಿಚಯವಾದದ್ದು ಆಗಲೇ. ಆ ವರ್ಷವೇ ನಮ್ಮ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ನಾನು ಶಾಸಕನಾಗಿ ಮಾಡಿದ ಕೆಲಸ ಎಂದು ಎದೆ ಮುಟ್ಟಿ ಹೇಳಬಹುದಾದದ್ದು ಆ ತೂಬು ಒಂದೇ.

ನಲವತ್ತೆರಡರ ಆಗಸ್ಟಿನಲ್ಲಿ ವಾರಂಟು ಹೊರಟಾಗ ಗಿರಿಯಪ್ಪ ನನ್ನ ಜೊತೆ ಬಂದ. ಬಾ ಎಂದು ನಾನು ಕರೆದಿರಲಿಲ್ಲ. ಬೇಡ ಎಂದೂ ಅನ್ನಲಿಲ್ಲ. ಸವಣೂರು ನವಾಬರ ಸೀಮೆ, ಇಂಗ್ರೇಜಿ ಪೋಲೀಸರು ಅಲ್ಲಿಗೆ ಏಕಾಏಕಿ ನುಗ್ಗುವಂತಿರಲಿಲ್ಲ. ಅಲ್ಲಿ ಬಂದೇಸಾಬರು ತಮ್ಮ ಎಲೆತೋಟದಲ್ಲಿ ನಮ್ಮಿಬ್ಬರನ್ನು ಹತ್ತೊಂಬತ್ತು ದಿನ ಇಟ್ಟುಕೊಂಡರು. ಅವರ ಮನೆಯ ಹಾಜರಾಬಿ ದಿನಾಲೂ ಎಲೆ ಕೊಯ್ಯುವ ಬುಟ್ಟಿಯಲ್ಲಿ ರೊಟ್ಟಿ ಮುಚ್ಚಿ ಕಳಿಸುತ್ತಿದ್ದರು. ಕೊನೆಗೆ ಶಿಗ್ಗಾಂವಿಯ ದಾರಿಯಲ್ಲಿ ಸಿಕ್ಕುಬಿದ್ದೆವು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಶಾಸಕನೆಂದು ನನ್ನನ್ನು ಬಿ ಕ್ಲಾಸಿನಲ್ಲಿ, ಅವನನ್ನು ಸಿ ಕ್ಲಾಸಿನಲ್ಲಿ ಇಟ್ಟರು.

ಅಕ್ಕಾ, ಹನ್ನೊಂದು ತಿಂಗಳಿಗೆ ನಾನು ಹೊರಗೆ ಬಂದದ್ದು ಹೇಗೆ ಎಂದು ನೀನು ಒಮ್ಮೆಯೂ ಕೇಳಲಿಲ್ಲ. "ನನ್ನ ಜಡ್ಡಿನ ಸಲುವಾಗಿ ಸರಕಾರ ಕರುಣಾ ತೋರಿಸ್ತು" ಎಂದು ನೀನೇ ಎಲ್ಲರಿಗೂ ಹೇಳಿದೆ. ಸರಕಾರ ಕರುಣೆ ತೋರಿಸಲಿಲ್ಲ. ನಾನು ಮುಚ್ಚಳಿಕೆ ಬರೆದುಕೊಟ್ಟೆ. ಇನ್ನು ಮುಂದೆ ಚಳವಳಿಯಲ್ಲಿ ಸೇರುವುದಿಲ್ಲ, ಆದದ್ದಕ್ಕೆ ವಿಷಾದಿಸುತ್ತೇನೆ ಎಂಬ ಎರಡು ಸಾಲಿನ ಕೆಳಗೆ ಸಹಿ ಮಾಡಿದೆ. ನೀನು ವಿಷಮಜ್ವರದಲ್ಲಿ ಹಾಸಿಗೆ ಹಿಡಿದ ಸುದ್ದಿಗೆ ಮನಸ್ಸು ಸೋತಿತ್ತು ಎಂದಷ್ಟೇ ಹೇಳಬಲ್ಲೆ.

ನನ್ನ ನಂತರ ಗಿರಿಯಪ್ಪನನ್ನು ಅಧಿಕಾರಿಯ ಕೋಣೆಗೆ ಕರೆದರು. ಅವನ ಮಗಳಿಗೆ ಹುಷಾರಿಲ್ಲವೆಂದು ಊರಿನಿಂದ ಪತ್ರ ಬಂದಿತ್ತು. ಆ ಕೋಣೆಯ ಹೊರಗೆ ಒಟ್ಟಿಗೆ ಕಾಯುವಾಗ ಅದನ್ನು ಅವನಿಗೆ ಓದಿ ಹೇಳಿದವನು ನಾನೇ. ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡೆ. ಅಧಿಕಾರಿ ಅದೇ ಎರಡು ಸಾಲು ಓದಿದ. ಗಿರಿಯಪ್ಪ, "ಸಾಹೇಬ್ರ, ನನಗ ಸಹಿ ಬರೂದಿಲ್ರಿ. ಹೆಬ್ಬಟ್ಟು ಒತ್ತಬೇಕು. ಒತ್ತಿದ ಮ್ಯಾಲ ಅದು ನನ್ನ ಕೈಯಿಂದ ತೊಳದ್ರ ಹೋಗೂದಿಲ್ರಿ. ಬ್ಯಾಡ್ರಿ" ಎಂದ. ಆ ವರ್ಷದ ದೀಪಾವಳಿಗೆ ಮಗು ತೀರಿಕೊಂಡಿತು. ಅವನು ಹೊರಗೆ ಬಂದದ್ದು ಅದಾದ ಒಂದೂವರೆ ವರ್ಷಕ್ಕೆ.

ನನಗೆ ಹಾನಗಲ್ಲಿನಲ್ಲಿ ಹಾರ ಹಾಕಿ ಬರಮಾಡಿಕೊಂಡರು. ನನ್ನ ಮೈ ಕೆಟ್ಟದ್ದಕ್ಕೆ ಜೈಲಿನಿಂದ ಬಿಟ್ಟರೆಂದು ಯಾರೋ ಹೇಳಿದರು, ನಾನು ತಲೆ ಅಲ್ಲಾಡಿಸಿದೆ. ಸುಳ್ಳು ಹೇಳಲು ಅಷ್ಟು ಸಾಕಾಯಿತು. ಗಿರಿಯಪ್ಪ ಬಂದಾಗ ಆಡೂರಿನ ನಾಲ್ಕು ಜನ ಬಿಟ್ಟರೆ ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ.

ಈ ಸಲ ಟಿಕೀಟಿನ ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ಸರಕಾರಕ್ಕೆ ಮುಚ್ಚಳಿಕೆ ಕೊಟ್ಟಿದ್ದೀರಾ? ಆ ಅರ್ಜಿಯನ್ನು ಕಿಸೆಯಲ್ಲಿಟ್ಟುಕೊಂಡು ಆಡೂರಿಗೆ ಹೋದೆ. ಗಿರಿಯಪ್ಪನ ಸಹಾಯ ಕೇಳಲು ಹೋಗುತ್ತೇನೆ ಎಂದು ನನ್ನ ಮನೆಯಾಕೆ ಶಾರವ್ವನಿಗೆ ಹೇಳಿದ್ದೆ. ಅವನು ಬಾಯಿ ಬಿಡುವನೋ ಇಲ್ಲವೋ ತಿಳಿಯಬೇಕಾಗಿತ್ತು, ಅಷ್ಟೇ. ಅವನು ಬಿತ್ತುವ ಕೂರಿಗೆಗೆ ಹಲ್ಲು ಕೂಡಿಸುತ್ತ ಕುಳಿತಿದ್ದ. ಅರ್ಜಿಯನ್ನು ಓದಿ ಹೇಳಿದೆ. "ಅದು ನೀವು ಬರದದ್ರಿ. ಅದರಾಗ ನಂದೇನೈತಿ?" ಎಂದು ಮತ್ತೆ ಉಳಿ ಹಿಡಿದ. ಎರಡೂವರೆ ವರ್ಷದ ಭಯ ನನ್ನ ಮೈಯಿಂದ ಇಳಿಯಿತು. ಅಕ್ಕಾ, ನನಗೆ ಆಗ ಸಂತೋಷವೇ ಆಯಿತು.

ಹೊರಡುವಾಗ ಅವನ ಹೆಂಡತಿ ಹುಚ್ಚವ್ವ ನೀರಿನ ತಂಬಿಗೆ ತಂದಿಟ್ಟಳು. ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು, "ನಮ್ಮ ಊರಿಗೆ ಓಟು ಕೇಳಾಕ ಬರ್ರಿ ಧಣ್ಯಾರ. ಬ್ಯಾಡ ಅನ್ನೂದಿಲ್ಲ. ಆದ್ರ ನಮ್ಮ ಓಣ್ಯಾಗ ನಿಂತು ಜೈಲಿನ ಮಾತು ಎತ್ತಬ್ಯಾಡ್ರಿ. ಅದೊಂದು ನಮಗ ಬಿಡ್ರಿ" ಎಂದಳು. ಸಿಟ್ಟಿನಿಂದ ಅನ್ನಲಿಲ್ಲ. ಉಪ್ಪು ಕಡ ಕೇಳುವವಳ ಹಾಗೆ ಮೆಲ್ಲಗೆ ಕೇಳಿದಳು.

ಹುಬ್ಬಳ್ಳಿಯಲ್ಲಿ ಅಭ್ಯರ್ಥಿಯನ್ನು ಆರಿಸುವ ಮೂವರ ಮುಂದೆ, "ಮುಚ್ಚಳಿಕೆ ಕೊಟ್ಟಿದ್ದೇನೆ" ಎಂದೆ. ಅವರಲ್ಲಿ ಹಿರಿಯರು ಬಾಗಿಲು ಹಾಕಿಸಿ, "ಪ್ರಕೃತಿ ಕೆಟ್ಟದ್ದಕ್ಕ ಬಿಟ್ರು ಅಂತ ಬರೀರಿ. ಆ ಕಾಗದ ಯಾರು ಹುಡಕ್ತಾರ?" ಎಂದರು. ಬರೆಯಲಿಲ್ಲ. ಗಿರಿಯಪ್ಪನನ್ನು ನಿಲ್ಲಿಸಿರಿ ಎಂದೆ. ಓದು ಬರಹ ಇಲ್ಲ, ಹೊಲ ಇಲ್ಲ, ಹೀಗಾಗಿ ಅವನ ಹೆಸರು ಮತದಾರರ ಯಾದಿಯಲ್ಲೇ ಇಲ್ಲ ಎಂದು ಅವರು ನಕ್ಕರು. ನಿಜ, ಅವನಿಗೆ ಓಟೇ ಇಲ್ಲ. ಒಂಬತ್ತು ವರ್ಷ ಶಾಸಕನೆನಿಸಿಕೊಂಡ ನನಗೆ ಅದು ಹೊಳೆದಿರಲಿಲ್ಲ. ಟಿಕೀಟು ಚೌಡಪ್ಪನಿಗೆ ಹೋಯಿತು. ನಾನು ನಿಜ ಹೇಳಿದ್ದರಿಂದ ಒಳ್ಳೆಯದಾದದ್ದು ಅವನೊಬ್ಬನಿಗೇ.

ನಿನ್ನೆ ಅವನ ಸಭೆಗೆ ನನ್ನನ್ನೇ ಅಧ್ಯಕ್ಷನನ್ನಾಗಿ ಕೂಡಿಸಿದ್ದರು. ನನ್ನನ್ನು ಜೈಲುವೀರನೆಂದು ಹೊಗಳಿ ಹಾರ ತಂದಾಗ ಎದ್ದು ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಯಾರೂ ಕಲ್ಲು ಒಗೆಯಲಿಲ್ಲ, ಬೈಯಲಿಲ್ಲ. ಮುಂದೆ ಕುಳಿತವರು ನೆಲ ನೋಡಿದರು. ಕೆಲವರು ಎದ್ದು ಬೆಲ್ಲದ ಅಂಗಡಿಗಳತ್ತ ನಡೆದರು. ಗಿರಿಯಪ್ಪ ಹಿಂದೆ ಬೇವಿನ ಮರದ ಕೆಳಗೆ ನಿಂತಿದ್ದ. ಸಭೆ ಮುಗಿದ ಮೇಲೆ ಬಂದು, "ನಡೀರಿ, ಬಿಸಲು ಭಾಳ ಐತಿ" ಎಂದು ನಮ್ಮ ಮನೆಯವರೆಗೂ ಬಂದ. ಒಳಗೆ ಬಾ ಎಂದರೆ ಬರಲಿಲ್ಲ.

ಶಾರವ್ವನಿಗೆ ಮೊನ್ನೆಯೇ ಹೇಳಿದ್ದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಮಹಾದೇವಕ್ಕಗ ಮೊದಲ ಹೇಳಬೇಕಿತ್ರಿ" ಎಂದಳು. ಆ ತಪ್ಪೂ ನನ್ನದೇ. ನಾಳೆಯಿಂದ ಮೊದಲಿನಂತೆ ಕಚೇರಿಗೆ ಹೋಗುತ್ತೇನೆ. ಕಕ್ಷಿದಾರರು ಬಂದರೆ ಬರಲಿ. ನೀನು ಸಿಟ್ಟಾಗಿದ್ದರೆ ಸಿಟ್ಟಿನಲ್ಲೇ ಒಂದು ಸಾಲು ಬರೆ.

ನಿನ್ನ ತಮ್ಮ,
ಉಳವಪ್ಪ

ತಾ. ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಮೇಲೆ ನಿನ್ನ ಜ್ವರದ ಮಾತು ಬರೆದದ್ದು ಸುಳ್ಳು. ಆ ಸುದ್ದಿಯ ತಂತಿ ನನ್ನ ಕೈಗೆ ಬಂದದ್ದು ಸಹಿ ಮಾಡಿದ ಐದನೆಯ ದಿನ. ನಿನ್ನ ಸಲುವಾಗಿ ತಮ್ಮ ತಲೆ ತಗ್ಗಿಸಿದ ಎಂದು ನೀನು ಸಾಯುವ ತನಕ ಕೊರಗುವುದು ಬೇಡ. ಸಹಿ ಮಾಡಿದ ದಿನ ಅಧಿಕಾರಿ ನನಗೆ ಕುರ್ಚಿ ಕೊಟ್ಟು, "ಬರ್ರಿ ಎಂ.ಎಲ್.ಎ. ಸಾಹೇಬ್ರ, ಕೂಡ್ರಿ" ಎಂದ. ಹನ್ನೊಂದು ತಿಂಗಳಲ್ಲಿ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ.