ನೀರಿದೆ ಎಂದು ಬರೆದ ಕಾಗದ

ಗುರುವಾರ, ಏಪ್ರಿಲ್ ೧೭
ಮಧ್ಯಾಹ್ನ

ಅಣ್ಣಾ,

ಕ್ಷೇಮ ಕೇಳುವಷ್ಟು ತಾಳ್ಮೆ ನನಗೆ ಇವತ್ತಿಲ್ಲ. ನಿನ್ನೆ ಸಂಜೆ ಎರಡು ಕೆಜಿ ದ್ರಾಕ್ಷಿ ಹಿಡಿದುಕೊಂಡು ಬಂದು, ನನ್ನ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ನೀನು ಆಡಿದ ಮಾತಿಗೆ ನಾನು ಉತ್ತರ ಕೊಡಲಿಲ್ಲ. ಬಾಯಿ ತೆರೆದಿದ್ದರೆ ಅಕ್ಕಪಕ್ಕದವರೆಲ್ಲ ಬಾಗಿಲಿಗೆ ಬರುತ್ತಿದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಆ ಕಾಗದದ ಸಹಿ ನಿನ್ನದೇ ಅಂತ ಒಪ್ಪಿಕೊಂಡುಬಿಡು ಅಂದೆ ನೀನು. ನೀರು ಸರಬರಾಜಿನ ಇಂಜಿನಿಯರ್ ಕೆಲಸದ ಗಡಿಬಿಡಿಯಲ್ಲಿ ಲೆಕ್ಕ ತಪ್ಪಿದಳು ಅಂತಾದರೆ ಹೆಚ್ಚೆಂದರೆ ವರ್ಗ ಮಾಡುತ್ತಾರೆ, ನಾನು ಹಾಕಿದ್ದು ಅಂತಾದರೆ ಜೈಲು ಕಣೇ ಅಂದೆ. ಎಷ್ಟು ಸಲೀಸಾಗಿ ಅಂದೆ! ಅಂದು ಮುಗಿಸಿ ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡೆಯಲ್ಲ, ಅಲ್ಲೇ ನನ್ನ ಮೈ ಉರಿದುಹೋಯಿತು.

ಜಾಗ ಚೆನ್ನಾಗಿಲ್ಲ ಅಂತ ನಾನು ಯಾವತ್ತಾದರೂ ಹೇಳಿದ್ದೆನಾ? ಇನ್ನೂರು ಎಕರೆ ಮಟ್ಟಸವಾದ ನೆಲ. ಒಂದು ಬದಿಗೆ ಹೆದ್ದಾರಿ, ಇನ್ನೊಂದು ಬದಿಗೆ ರೈಲು ಹಳಿ, ಕೂಗಳತೆಯಲ್ಲಿ ವಿದ್ಯುತ್ ಕೇಂದ್ರ. ಅದನ್ನು ಕಾರ್ಖಾನೆಗಳಿಗೆ ಹಂಚುವ ಕಚೇರಿಗೆ ನೀನು ಸೇರಿದಾಗ ನಿನಗಿಂತ ಹೆಚ್ಚು ಕುಣಿದವಳು ನಾನು. ಗಾಜಿನ ಬಾಟಲಿ ಕಂಪನಿಯವರು ಬಂದು ನೋಡಿ ಮೆಚ್ಚಿದಾಗಲೂ ಅಷ್ಟೇ. ಎಂಟುನೂರು ಜನಕ್ಕೆ ಕೆಲಸ ಅಂದರೆ ಸಣ್ಣ ಮಾತಲ್ಲ. ಅಲ್ಲಿ ಇಲ್ಲದ್ದು ಒಂದೇ, ನೀರು. ದಿನಕ್ಕೆ ಆರು ಲಕ್ಷ ಲೀಟರ್ ಕೊಡುವ ಶಕ್ತಿ ನಮ್ಮ ಹಳೇ ಪೈಪಿಗಿಲ್ಲ, ನದಿಯಿಂದ ಹೊಸ ಪೈಪ್‌ಲೈನ್ ಮಂಜೂರಾಗಲಿ, ಆಮೇಲೆ ಜಾಗ ಕೊಡು ಅಂತ ನಿನ್ನ ಮೇಜಿನ ಮುಂದೆ ನಿಂತು ಹೇಳಿದೆ. ಬರೆದೂ ಕೊಟ್ಟೆ. ಅಷ್ಟರಲ್ಲಿ ಇನ್ನೊಂದು ಊರಿನವರು ಆ ಕಂಪನಿಯನ್ನು ಎಗರಿಸಿಕೊಂಡು ಹೋಗುತ್ತಾರೆ, ನಿಮ್ಮ ಇಲಾಖೆಗೆ ಇಲ್ಲ ಅನ್ನೋದೊಂದೇ ಬರೋದು ಅಂತ ನಕ್ಕೆ ನೀನು.

ನನ್ನ ವರದಿ ಕಡತದಿಂದ ಮಾಯವಾಯಿತು. ಅದರ ಜಾಗದಲ್ಲಿ ಒಂದು ಪುಟದ ಕಾಗದ ಬಂದು ಕೂತಿತು. ನೀರು ಬೇಕಾದಷ್ಟಿದೆ ಅಂತ ಅದರಲ್ಲಿತ್ತು, ಕೆಳಗೆ ನನ್ನ ಹೆಸರಿನ ಸಹಿ. ನೀರಿದ್ದಮೇಲೆ ಹೊಸ ಪೈಪ್‌ಲೈನ್ ಯಾಕೆ ಅಂತ ಮೇಲಿನವರು ಅದನ್ನೂ ಕೈಬಿಟ್ಟರು. ಕಾರ್ಖಾನೆ ಎದ್ದಿತು, ಸಂಪರ್ಕ ಕೊಡಿ ಅಂತ ಆದೇಶ ಬಂತು, ನಮ್ಮವರು ಕೊಟ್ಟರು.

ಪೈಪಿನ ಕಟ್ಟಕಡೆಗೆ ಇರುವುದು ಬಡಗಿಗಳ ಬೀದಿ. ಮೊದಲು ಮಹಡಿಗೆ ನೀರು ಏರುವುದು ನಿಂತಿತು, ಆಮೇಲೆ ಅಂಗಳದ ನಲ್ಲಿಯೂ ಸೊರಗಿತು. ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಮೂಲೆ ಅಂಗಡಿಯ ಗರಗಸದ ಮೋಟಾರಿನಿಂದ ಕಿಡಿ ಹಾರಿ ಮರದ ಪುಡಿಗೆ ಬಿತ್ತು, ಪಕ್ಕದಲ್ಲೇ ವಾರ್ನಿಷ್ ಡಬ್ಬಿಗಳು. ಅಗ್ನಿಶಾಮಕದವರು ಒಂಬತ್ತು ನಿಮಿಷದಲ್ಲಿ ಬಂದರು. ವಾಹನದಲ್ಲಿದ್ದ ನೀರು ಖಾಲಿಯಾದಮೇಲೆ ರಸ್ತೆ ಬದಿಯ ಹೈಡ್ರಂಟಿಗೆ ಪೈಪ್ ಜೋಡಿಸಿ ತಿರುಗಿಸಿದರೆ, ಮಗು ಉಚ್ಚೆ ಹೊಯ್ದ ಹಾಗೆ ಸುರಿಯಿತಂತೆ. ಒಳಗೆ ಸಿಕ್ಕಿಹಾಕಿಕೊಂಡಿದ್ದ ತಮ್ಮನನ್ನು ಎಳೆದು ತರಲು ಆ ಅಂಗಡಿಯ ಬಡಗಿಯೇ ನುಗ್ಗಿದ. ತಂದ. ತಮ್ಮ ಉಳಿದ. ಇವನ ಎರಡು ಕೈಯೂ ಮೊಣಕೈವರೆಗೆ ಸುಟ್ಟುಹೋದವು.

ನಾನು ಆಸ್ಪತ್ರೆಗೆ ಹೋಗಿದ್ದೆ ಅಣ್ಣಾ. ಅವನ ಹೆಂಡತಿ ಗಂಜಿ ಕುಡಿಸುತ್ತಿದ್ದಳು. ಮೂವತ್ತು ವರ್ಷ ಉಳಿ ಹಿಡಿದ ಬೆರಳು ಇನ್ನು ಚಮಚವನ್ನೂ ಹಿಡಿಯುವುದಿಲ್ಲ ಅಂತ ಡಾಕ್ಟರು ಹೇಳಿದ್ದಾರಂತೆ. ನೀವು ನೀರಿನ ಆಫೀಸಿನವರಲ್ವಾ, ಅವತ್ತು ನೀರು ಯಾಕೆ ಬರಲಿಲ್ಲ ಮೇಡಂ ಅಂತ ಆಕೆ ಕೇಳಿದಳು. ಜಗಳಕ್ಕಲ್ಲ, ನಿಜವಾಗಿಯೂ ಗೊತ್ತಿಲ್ಲದೆ ಕೇಳಿದಳು. ನಾನು ತಲೆ ತಗ್ಗಿಸಿ ಹೊರಗೆ ಬಂದೆ.

ಆಮೇಲೆ ನಡೆದದ್ದೆಲ್ಲ ನಿನಗೆ ಗೊತ್ತು. ವಿಚಾರಣೆ ಶುರುವಾಯಿತು, ಕಾಗದ ಹೊರಬಂತು, ನನ್ನನ್ನು ಅಮಾನತು ಮಾಡಿದರು. ಗೂಬೆ ನನ್ನ ತಲೆಯ ಮೇಲೆ ಕೂತಿದ್ದನ್ನು ನೀನು ಒಂದು ತಿಂಗಳು ದೂರದಿಂದ ನೋಡಿದೆ. ಸಾಲದು ಅಂತ ಅಮ್ಮನನ್ನೂ ಛೂ ಬಿಟ್ಟೆ. ಅವನಿಗೆ ಹೆಂಡತಿ, ಎರಡು ಮಕ್ಕಳು, ನೀನು ಒಂಟಿ, ನಿನಗೇನು ಕಳೆದುಹೋಗುತ್ತೆ ಅಂತ ಅಮ್ಮ ಫೋನಿನಲ್ಲಿ ಅತ್ತಳು. ಒಂಟಿಯಾಗಿರುವವಳ ಹೆಸರು ಬಿಟ್ಟಿ ಸಿಗುತ್ತದಾ? ಹದಿನೆಂಟು ವರ್ಷ ಕೆಸರಿನ ಗುಂಡಿಗಳಲ್ಲಿ ಇಳಿದು ಹತ್ತಿ ಸಂಪಾದಿಸಿದ ಹೆಸರು ಅದು.

ಇವತ್ತು ಹನ್ನೊಂದು ಗಂಟೆಗೆ ವಿಚಾರಣಾಧಿಕಾರಿಯ ಮುಂದೆ ಕೂತೆ. ಆಕೆ ಮೆದು ಮಾತಿನ ಹೆಂಗಸು. ನಿನ್ನ ಕಚೇರಿಯ ಮೊಹರು ಬಿದ್ದ ನನ್ನ ವರದಿಯ ಪ್ರತಿ ಕೊಟ್ಟೆ. ಬಿಳಿ ಹಾಳೆಯ ಮೇಲೆ ಹತ್ತು ಸಲ ಸಹಿ ಹಾಕಿಸಿಕೊಂಡರು. ಹಾಗಾದರೆ ಆ ಕಾಗದದಲ್ಲಿರುವುದು ಯಾರ ಕೈ ಅಂತ ಕೇಳಿದರು. ನಿನ್ನ ಹೆಸರು ಹೇಳಿದೆ. ಅವರು ನಿಮಗೇನಾಗಬೇಕು ಅಂದರು. ಒಡಹುಟ್ಟಿದವನು ಅಂದೆ. ಆಕೆ ಪೆನ್ನು ಕೆಳಗಿಟ್ಟು ನನಗೆ ನೀರಿನ ಲೋಟ ಸರಿಸಿದರು.

ಹೊಸ ಪೈಪ್‌ಲೈನ್ ಆಗುವವರೆಗೆ ಕಾರ್ಖಾನೆಗೆ ಅರ್ಧ ನೀರು ಅಂತ ಆದೇಶವಾಗಿದೆ. ಸಂಜೆಯಿಂದ ಬಡಗಿಗಳ ಬೀದಿಗೆ ಬಿಡುತ್ತಾರೆ. ಮುಂದಿನ ವಾರ ನಿನಗೂ ಕರೆ ಬರುತ್ತೆ. ತಲೆ ತಪ್ಪಿಸಿಕೊಂಡು ತಿರುಗಬೇಡ. ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳು. ನಿನ್ನ ಮಕ್ಕಳನ್ನು ನಾನು ಕೈಬಿಡುವುದಿಲ್ಲ, ಅತ್ತಿಗೆಗೆ ಹಾಗಂತ ಹೇಳು. ನಿನ್ನನ್ನು ಕ್ಷಮಿಸಿದ್ದೇನೆ ಅಂತ ಮಾತ್ರ ಹೇಳಬೇಡ.

ಇಂತಿ,
ನಿನ್ನ ತಂಗಿ
(ಈ ಸಹಿ ನಾನೇ ಹಾಕಿದ್ದು.)

ವಿ.ಸೂ.: ನಿನ್ನೆ ಸುಮ್ಮನಿದ್ದುದಕ್ಕೆ ಸಿಟ್ಟೊಂದೇ ಕಾರಣವಲ್ಲ. ನಮ್ಮ ಕಚೇರಿಗೆ ಬಂದ ಕಡತದಲ್ಲಿ ಆ ಕಾಗದವನ್ನು ನಾನು ಮೊದಲು ಕಂಡದ್ದು ಹೋದ ಜೂನ್‌ನಲ್ಲಿ, ಸಂಪರ್ಕ ಕೊಡುವುದಕ್ಕೆ ಮೂರು ವಾರ ಮುಂಚೆ. ನೋಡಿದ ಕೂಡಲೇ ನಿನ್ನ ಕೈ ಅಂತ ಗೊತ್ತಾಯಿತು. ನಿನಗೆ ಬಡ್ತಿ ಬಂದ ವಾರ ಅದು, ಅಮ್ಮ ನೆಂಟರಿಗೆಲ್ಲ ಫೋನ್ ಮಾಡಿ ಹೇಳಿಕೊಳ್ಳುತ್ತಿದ್ದಳು. ನಾನು ಕಡತ ಮುಚ್ಚಿ ಕಪಾಟಿನಲ್ಲಿಟ್ಟು ಊಟಕ್ಕೆ ಎದ್ದುಹೋದೆ. ಬೆಳಿಗ್ಗೆ ವಿಚಾರಣೆಯ ಮೇಡಂಗೆ ಅದನ್ನೂ ಹೇಳಿ ಬಂದಿದ್ದೇನೆ. ಈಗ ಇದನ್ನು ಅಂಚೆಗೆ ಹಾಕಿ, ಬಡಗಿಯ ಹೆಂಡತಿಗೆ ಹೇಳಲು ಆಸ್ಪತ್ರೆಗೆ ಹೋಗುತ್ತಿದ್ದೇನೆ.