ಹಿಂದಕ್ಕೆ ಎಳೆದರೆ ಉಪಕಾರ

ಮೊಂಟಾನಾ ರಾಜ್ಯ, ಏಪ್ರಿಲ್ ತಿಂಗಳು

ಕೇಂದ್ರ ಸರ್ಕಾರದ ಬಂದೂಕು ತನಿಖಾಧಿಕಾರಿ ಪ್ರೆಸ್ಕಾಟ್ ಸಾಹೇಬರ ಸನ್ನಿಧಾನಕ್ಕೆ, ಕುರಿ ಸಾಕುವ ವಿಧವೆ ಇಂಗಾ ಟೋಸ್ಟ್ರುಡ್ ಮಾಡುವ ವಂದನೆಗಳು.

ನಾನೂ ನನ್ನ ಗಂಡ ಬಿಟ್ಟುಹೋದ ಕೋವಿಯೂ ಕ್ಷೇಮ. ಅದರ ನಳಿಗೆ ಕೇಂದ್ರದ ಕಾಯ್ದೆಯ ಅಳತೆಗಿಂತ ಎರಡು ಬೆರಳು ಗಿಡ್ಡವೆಂದು ನೀವು ಜಪ್ತಿಗೆ ಬಂದಿರಿ. ನನ್ನ ಗೇಟಿನೆದುರೇ ನಿಮ್ಮ ಕಾರು ಹಿಮ ಕರಗಿದ ಕೆಸರಿನಲ್ಲಿ ಹೂತಿತು.

ನೀವೇ ಕರೆಸಿದ ನಮ್ಮ ಜಿಲ್ಲೆಯ ಪೊಲೀಸ್ ಮುಖ್ಯಸ್ಥ, ಷೆರಿಫ್ ಹೆಗ್‌ಸ್ಟಾಡ್ ಹಗ್ಗ ಹಿಡಿದು ಹೇಳಿದ್ದು ನೆನಪಿದೆಯಷ್ಟೆ? “ಸ್ವಾಮೀ, ಕೋವಿ ಕಿತ್ಕೊಳ್ಳೋ ಕೇಂದ್ರದವರಿಗೆ ನಾವು ಸಹಾಯ ಮಾಡಬಾರದು ಅಂತ ರಾಜ್ಯದ ಕಾಯ್ದೆ ಇದೆ. ಮುಂದಕ್ಕೆ, ಅಜ್ಜಿ ಮನೆ ಕಡೆ ಎಳೆದ್ರೆ ನನ್ನ ಕೆಲಸ ಹೋಗುತ್ತೆ. ಹಿಂದಕ್ಕೆ, ಹೆದ್ದಾರಿ ಕಡೆ ಎಳೆದ್ರೆ ಅದು ಬರೀ ಉಪಕಾರ.”

“ನಡೆದೇ ಹೋಗ್ತೀನಿ ಬಿಡ್ರಿ!” ಎಂದು ನೀವು ಇಳಿದಿರಿ, ಮೊಣಕಾಲಿನವರೆಗೂ ಇಳಿದಿರಿ. ಒಂದು ಬೂಟನ್ನು ರಾಜ್ಯಕ್ಕೆ ಬಿಟ್ಟುಕೊಟ್ಟು ಮತ್ತೆ ಕಾರು ಹತ್ತಿ, ಸಂಜೆಯವರೆಗೆ ಕೇಂದ್ರದ ಮಾನ ಕಾಪಾಡಿದಿರಿ. ನಾನು ಕಳಿಸಿದ ಸೇಬಿನ ಪೈ ತಿಂದು ಮುಗಿಸಿದ ಮೇಲೆ, “ಹಿಂದಕ್ಕೇ ಎಳೀರಪ್ಪ” ಎಂದಿರಿ.

ಕೋವಿಯಿದ್ದ ಮನೆ ತಲುಪಲಾಗದ್ದರಿಂದ ಪ್ರಕರಣ ಮುಚ್ಚಲಾಗಿದೆಯೆಂದು ನಿಮ್ಮ ಕಚೇರಿಯ ಕಾಗದ ನಿನ್ನೆ ತಲುಪಿತು. ಇಂದು ಬೆಳಿಗ್ಗೆ ಆ ಗಿಡ್ಡ ಕೋವಿಯ ಒಂದೇ ಸದ್ದಿಗೆ, ಕುರಿಮಂದೆಗೆ ಹೊಂಚು ಹಾಕಿದ್ದ ತೋಳ ಗುಡ್ಡ ದಾಟಿ ಓಡಿತು. ಕುರಿಮರಿಗಳು ನಿಮಗೆ ನಮಸ್ಕಾರ ತಿಳಿಸಿವೆ.

ದಯವಿಟ್ಟು ನನ್ನ ಪೈ ತಟ್ಟೆ ಹಿಂದಿರುಗಿಸಿ. ಬೂಟು ತೊಳೆದಿಟ್ಟಿದ್ದೇನೆ. ಜಪ್ತಿ ಆದೇಶವಿಲ್ಲದೆ, ಬರೀ ಹಸಿವಿನಿಂದ ಬನ್ನಿ. ಆಗ ಷೆರಿಫ್ ಮುಂದಕ್ಕೂ ಎಳೆಯುತ್ತಾರಂತೆ.

ಇಂತಿ ಗೆದ್ದ ಗರ್ವದಲ್ಲಿರುವ,
ಇಂಗಾ ಟೋಸ್ಟ್ರುಡ್